ತಪ್ಪು ತಿರುಗಿದ ಜಡೆ

ಸ್ವೆಟರಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಮಿಣಮಿಣ ಮಿಂಚುವ ಅಕ್ರಿಲಿಕ್ ದಾರವನ್ನು ಕೈಯಲ್ಲೂ ಮುಟ್ಟುವುದಿಲ್ಲ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅದು ಮೈತುಂಬ ಗಂಟುಗಂಟಾಗಿ ಪಾತ್ರೆ ಉಜ್ಜುವ ನಾರಿನ ಹಾಗಾಗಿರುತ್ತದೆ. ನಡುವೆ ವೈರು ಇಟ್ಟು ಸುತ್ತುಸುತ್ತಾಗಿ ಹೆಣೆಯುವ ಹೊಸ ನಮೂನೆಯ ಕಡ್ಡಿಗಳೂ ನನಗೆ ಆಗಿಬರುವುದಿಲ್ಲ. ನನಗೆ ಎರಡು ಉದ್ದ ಕಡ್ಡಿ ಬೇಕು, ಒಂದರ ಹಿಂಬದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೂರುವಷ್ಟು ಉದ್ದದವು. ಹೆಣಿಗೆ ಸೊಂಟದಿಂದ ಶುರುವಾಗಿ ಮೇಲಕ್ಕೆ ಹತ್ತಬೇಕು. ಕತ್ತಿನಿಂದ ಶುರುಮಾಡಿ ಕೆಳಕ್ಕಿಳಿಯುವ ವಿದ್ಯೆಯನ್ನು ಈಗ ಮೊಬೈಲಿನಲ್ಲಿ ತೋರಿಸುತ್ತಾರೆ. ನೋಡಿದರೆ ತಾರಸಿ ಹಾಕಿ ಆಮೇಲೆ ಪಾಯ ತೋಡಿದ ಹಾಗೆ ಅನ್ನಿಸುತ್ತದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಹಾಗೆ ಒಂದು ಸ್ವೆಟರು ಮಾಡಿ ತಂದು ತೋರಿಸಿದಳು, ಚೆನ್ನಾಗಿಯೇ ಇತ್ತು. ಚೆನ್ನಾಗಿದೆ ಎಂದು ಹೇಳಿದೆ, ಆದರೂ ಒಪ್ಪಲಿಲ್ಲ.

ಹೆಂಗಸರ ಸ್ವೆಟರು ಮುಂದೆ ತೆರೆದುಕೊಳ್ಳುವಂಥದ್ದೇ ಆಗಬೇಕು ಎನ್ನುವುದು ನನ್ನ ಇನ್ನೊಂದು ಹಟ. ಸೀರೆ ಉಟ್ಟು, ತುರುಬು ಕಟ್ಟಿ, ಅದರಲ್ಲಿ ಒಂದು ಮೊಳ ಮಲ್ಲಿಗೆ ಮುಡಿದವರು ತಲೆಯ ಮೇಲಿಂದ ಎಳೆದುಕೊಳ್ಳುವ ಸ್ವೆಟರನ್ನು ಹೇಗೆ ಹಾಕಿಕೊಳ್ಳಬೇಕು? ಗುಂಡಿ ದೊಡ್ಡದಿರಬೇಕು, ವಯಸ್ಸಾದ ಬೆರಳಿಗೆ ಸಿಗುವ ಹಾಗೆ. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಬಳೆಗೂ ತೊಂದರೆ, ಪಾತ್ರೆ ತೊಳೆಯುವುದಕ್ಕೂ ತೊಂದರೆ. ಮೈಸೂರಿನ ಚಳಿಗೆ ಸ್ವೆಟರು ಯಾಕಮ್ಮಾ ಎಂದು ಬೇರೆ ಊರಿನವರು ನಗುತ್ತಾರೆ. ಧನುರ್ಮಾಸದಲ್ಲಿ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದವರು ಯಾರೂ ಹಾಗೆ ನಗುವುದಿಲ್ಲ.

ಇಷ್ಟೂ ಹಟ ನನಗೆ ಬಂದಿದ್ದು ಅಮ್ಮನಿಂದ. ಅವಳಿಗೆಂದು ನಾನು ಕೊನೆಯ ಸಲ ಹೆಣೆಯಲು ಹಿಡಿದ ಸ್ವೆಟರು ಮುಗಿಯುವ ಮೊದಲೇ ಅವಳು ಹೋದಳು. ಚಳಿ ಮುಗಿಯುವುದರೊಳಗೆ ಅವಳು ಅದನ್ನು ಹಾಕಿಕೊಳ್ಳಲಿ ಎನ್ನುವುದೊಂದೇ ಆ ಚಳಿಗಾಲದಲ್ಲಿ ನನಗೆ ಇದ್ದ ಆಸೆ. ಅವಳಿಗೆ ಹೆಚ್ಚು ದಿನ ಇಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಮ್ಮ ಇದ್ದಿದ್ದು ಮಂಡಿ ಮೊಹಲ್ಲಾದ ನಮ್ಮ ಹಳೇ ಮನೆಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಕೆಳಗೆ ಅಪ್ಪನ ಕಾಲದ ಬೆಲ್ಲದ ಮಂಡಿ, ಮೇಲೆ ಮನೆ. ಅಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಎದುರು ಮನೆಯ ಮುಸ್ಲಿಂ ಹೆಂಗಸೊಬ್ಬರು ಅವಳಿಗೆ ಹೆಣಿಗೆ ಕಲಿಸಿದರಂತೆ. ಹಾಗಾಗಿ ನಮ್ಮ ಮನೆಯಲ್ಲಿ ಹೆಣಿಗೆಯ ಮಾತೆಲ್ಲ ಸೀದಾ, ಉಲ್ಟಾ. ನಾಲ್ಕು ಸೀದಾ ನಾಲ್ಕು ಉಲ್ಟಾ ಎಂದು ಬೆಲ್ಲದ ಪಿಂಡಿ ಇಳಿಸುವ ಗದ್ದಲದ ನಡುವೆ ಅಮ್ಮ ಗೊಣಗುವುದು ಮೆಟ್ಟಿಲವರೆಗೂ ಕೇಳುತ್ತಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕಡ್ಡಿ ಹಿಡಿದಿರುತ್ತಿದ್ದಳು.

ಅಮ್ಮ ಕಲಿಸುವಾಗ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಒಂದೇ ಒಂದು ಕಟ್ಟಳೆ ಇಟ್ಟಿದ್ದಳು. ತಪ್ಪು ಕಂಡವರು ಕಂಡ ಸಾಲಿನಲ್ಲೇ ಹೇಳಿಬಿಡಬೇಕು. ಹೆಣೆಯುವವಳಿಗೆ ಬೇಜಾರಾಗುತ್ತದೆ, ಊಟ ಮಾಡುತ್ತಿದ್ದಾಳೆ, ನೆಂಟರು ಬಂದಿದ್ದಾರೆ, ಏನೇ ಇರಲಿ, ಹೇಳಬೇಕು. ತಡವಾದಷ್ಟೂ ಬಿಚ್ಚುವುದು ಜಾಸ್ತಿಯಾಗುತ್ತದೆ, ಅಷ್ಟೇ ಅದರ ಅರ್ಥ. ಒಮ್ಮೆ ಬೀಗರ ಮನೆಯ ನಾಮಕರಣದಲ್ಲಿ, ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಹೆಂಗಸಿನ ಚೀಲದಿಂದ ಇಣುಕುತ್ತಿದ್ದ ಅರ್ಧ ಸ್ವೆಟರನ್ನು ನೋಡಿ ಅಮ್ಮ ಎಲೆಯ ಮುಂದಿನಿಂದಲೇ, "ರೀ, ಕೆಳಗಿಂದ ಮೂರನೇ ಸಾಲು ನೋಡ್ಕಳಿ, ಒಂದು ಬಿಟ್ಟೋಗಿದೆ," ಎಂದು ಕೂಗಿ ಹೇಳಿದ್ದಳು. ನನಗೆ ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ. ಆ ಹೆಂಗಸು ಮಾತ್ರ ಕೈ ತೊಳೆದು ಬಂದು ಅಮ್ಮನ ಪಕ್ಕ ಕೂತು ಸರಿಮಾಡಿಸಿಕೊಂಡು ಹೋದರು.

ಇಂಥ ಅಮ್ಮನಿಗೆ ಆ ವರ್ಷ ದಸರಾ ಹೊತ್ತಿಗೆ ಮೈ ಸರಿಯಿಲ್ಲದ ಹಾಗಾಯಿತು. ದಸರಾ ಎಂದರೆ ಮೈಸೂರಿನಲ್ಲಿ ಮನೆ ಇರುವವರಿಗೆಲ್ಲ ನೆಂಟರ ಕಾಟ. ಹಿನಕಲ್‌ನ ನಮ್ಮ ಮನೆಯಲ್ಲಿ ಹಾಲಿನಲ್ಲೂ ವರಾಂಡದಲ್ಲೂ ಚಾಪೆ ಹಾಸಿದ್ದೆವು. ಅಣ್ಣ ಅತ್ತಿಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದು ಫೋನಿನಲ್ಲಿ ಹೇಳಿದರು, ರಕ್ತ ಕಮ್ಮಿಯಾಗಿದೆ, ಟಾನಿಕ್ಕು ಕೊಟ್ಟಿದ್ದಾರೆ, ಸುಸ್ತಿರುತ್ತೆ, ಚಳಿ ಜಾಸ್ತಿ ಆಗುತ್ತೆ ಅಂದಿದ್ದಾರೆ ಎಂದು. ನಾನು ನಂಬಿದೆ. ಅಣ್ಣ ಹೇಳಿದ ಮೇಲೆ ನಂಬದೆ ಇರುವುದು ಹೇಗೆ?

ಚಳಿ ಜಾಸ್ತಿ ಎಂದ ಕೂಡಲೇ ನನ್ನ ತಲೆಗೆ ಬಂದಿದ್ದು ಸ್ವೆಟರು. ನೆಂಟರು ಬಸ್ಸು ಹತ್ತಿದ ಮಾರನೇ ದಿನವೇ ಮಂಡಿ ಮೊಹಲ್ಲಾದ ಉಲ್ಲನ್ ಅಂಗಡಿಗೆ ಹೋದೆ. ಅಲ್ಲಿಯ ಸಾಬರು ಹಳೇ ಪರಿಚಯ. "ಅಮ್ಮಾರ್ಗಾ? ಹಂಗಾದ್ರೆ ಕೆಳಗಿನ ಮಾಲು ಬ್ಯಾಡ, ನಿಲ್ಲಿ," ಎಂದು ಅಟ್ಟ ಹತ್ತಿ ಒಳ್ಳೇ ಉಣ್ಣೆಯ ಲಡಿಗಳನ್ನು ಇಳಿಸಿದರು. ನೇರಳೆ ಹಣ್ಣಿನ ಬಣ್ಣ. ಬೇಕಾದ್ದಕ್ಕಿಂತ ಒಂದು ಲಡಿ ಹೆಚ್ಚೇ ತೆಗೆದುಕೊಂಡೆ. ಆಮೇಲೆ ಹೋದರೆ ಅದೇ ಬಣ್ಣ ಸಿಕ್ಕುವುದಿಲ್ಲ, ಸಿಕ್ಕಿದರೂ ಒಂದು ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ.

ಉಲ್ಲನ್ ನೋಡಿ ಅಮ್ಮ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು, ಸಂತೋಷಪಟ್ಟಳು. ಆಮೇಲೆ ಒಂದು ಷರತ್ತು ಹಾಕಿದಳು.

"ನೀನು ಇದನ್ನ ಹಿನಕಲ್‌ಗೆ ತಗೊಂಡೋಗಿ ಹಾಕ್ಕೂಡ್ದು. ನನ್ನ ಸ್ವೆಟರು ನನ್ನ ಮುಂದೇನೇ ಆಗ್ಬೇಕು. ಚೀಲ ಇಲ್ಲೇ ಇರ್ಲಿ."

"ಅಂಗಾದ್ರೆ ಮುಗ್ದಂಗೇ ಇದು," ಎಂದೆ.

"ಮುಗೀದಿದ್ರೆ ಮುಗೀದೇ ಇರ್ಲಿ ಬುಡು, ಏನ್ ಓಡೋಗ್ತೀನಾ ನಾನು?" ಎಂದಳು.

ಮಗಳು ದಿನಾ ಬರಲಿ ಎಂಬ ಆಸೆ ಎಂದುಕೊಂಡೆ, ಹೆಮ್ಮೆಯೂ ಆಯಿತು. ನಮ್ಮ ಮನೆಯವರು ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಇದ್ದಾರೆ. ಅವರಿಗೆ ಮಧ್ಯಾಹ್ನದ ಶಿಫ್ಟು ಇದ್ದ ವಾರಗಳಲ್ಲಿ ಊಟದ ಡಬ್ಬಿ ಕಟ್ಟಿ ಕಳಿಸಿದ ಮೇಲೆ ನಾನೂ ಸಿಟಿ ಬಸ್ಸು ಹತ್ತುತ್ತಿದ್ದೆ. ಅಮ್ಮ ಕಿಟಕಿ ಪಕ್ಕದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾನು ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕೂತು ಚೀಲದಿಂದ ಕಡ್ಡಿ ತೆಗೆಯುತ್ತಿದ್ದೆ.

ಡಿಸೈನು ಆರಿಸಿದ್ದೂ ಅಮ್ಮನೇ. ಜಡೆ. ಬೆನ್ನಿನ ನಡುವೆ ಮೂರು ಜಡೆ, ಮುಂದಿನ ಎರಡು ಭಾಗಕ್ಕೂ ಒಂದೊಂದು. ನಾನು ಬೇಡವೆಂದೆ. ಜಡೆ ಹೆಣಿಗೆಗೆ ಲೆಕ್ಕ ಜಾಸ್ತಿ, ಸರಸರ ಆಗುವ ಕೆಲಸವಲ್ಲ. ಕೆಲವು ಸಾಲಿಗೊಮ್ಮೆ ಮೂರು ಕುಣಿಕೆಗಳನ್ನು ಸಣ್ಣ ಕಡ್ಡಿಯೊಂದಕ್ಕೆ ಎತ್ತಿಕೊಂಡು, ಪಕ್ಕದ ಮೂರನ್ನು ಮೊದಲು ಹೆಣೆದು, ಆಮೇಲೆ ಎತ್ತಿಟ್ಟ ಮೂರನ್ನು ಹೆಣೆಯಬೇಕು. ಆಗ ಹೆಣಿಗೆ ಜಡೆಯ ಕಾಲಿನ ಹಾಗೆ ಒಂದರ ಮೇಲೊಂದು ಹಾಯುತ್ತದೆ. ಸಣ್ಣ ಕಡ್ಡಿಯನ್ನು ಮುಂದಕ್ಕೆ ಹಿಡಿದರೆ ಜಡೆ ಎಡಕ್ಕೆ ತಿರುಗುತ್ತದೆ, ಹಿಂದಕ್ಕೆ ಹಿಡಿದರೆ ಬಲಕ್ಕೆ. ಒಂದು ಸಲ ಮೈಮರೆತು ಹಿಂದೆ ಮುಂದೆ ಮಾಡಿದರೆ ಆ ಒಂದು ಕಡೆ ಜಡೆ ತಪ್ಪು ತಿರುಗಿ ನಿಲ್ಲುತ್ತದೆ. ಮೇಲೆ ಎಷ್ಟು ಸರಿಯಾಗಿ ಹೆಣೆದರೂ ಕೆಳಗಿನ ತಪ್ಪು ಹಾಗೇ ಇರುತ್ತದೆ. ಪ್ಲೇನ್ ಆಗಿ ಹಾಕಿಬಿಡುತ್ತೇನೆ, ಬೇಗ ಆಗುತ್ತೆ, ಚಳಿ ಶುರುವಾಗುವುದರೊಳಗೆ ಹಾಕಿಕೋಬಹುದು ಎಂದು ಬೇಡಿಕೊಂಡೆ. ಅಮ್ಮ ಸುತರಾಂ ಒಪ್ಪಲಿಲ್ಲ.

ಕಾರ್ತಿಕ ಮುಗಿಯುತ್ತಾ ಬಂದಾಗ ಬೆನ್ನಿನ ಭಾಗ ಪೂರ್ತಿಯಾಯಿತು. ಹೆಗಲ ಹತ್ತಿರ ಮುಚ್ಚಿ, ಮಂಚದ ಮೇಲೆ ಹರಡಿ, ಅಂಗೈಯಲ್ಲಿ ಸವರಿ ಅಮ್ಮನ ಮುಂದಿಟ್ಟೆ. ಅತ್ತಿಗೆ ಕಾಫಿ ತಂದವರು ಅಲ್ಲೇ ನಿಂತು ನೋಡಿ, "ಎಷ್ಟ್ ಚೆನ್ನಾಗ್ ಬಂದದೆ," ಎಂದರು. ಅಮ್ಮ ಬೆರಳನ್ನು ನಡುವಿನ ಜಡೆಯ ಮೇಲೆ ಕೆಳಗಿನವರೆಗೂ ಎಳೆದುಕೊಂಡು ಹೋಗಿ, ಸೊಂಟದ ಪಟ್ಟಿಯಿಂದ ಎರಡು ಬೆರಳು ಮೇಲೆ ನಿಲ್ಲಿಸಿದಳು.

"ಇಲ್ನೋಡು. ಇದೊಂದು ತಪ್ಪು ತಿರುಗ್ಬುಟ್ಟದೆ."

ನೋಡಿದೆ. ನಿಜ, ತಪ್ಪಿತ್ತು. ಎಡಕ್ಕೆ ಹಾಯಬೇಕಾದ ಕಡೆ ಬಲಕ್ಕೆ ಹಾದಿತ್ತು. ನನಗೆ ಅಳುವೇ ಬಂತು. ಸೆರಗು ಹೊದ್ದರೆ ಯಾರಿಗೂ ಕಾಣದ ಜಾಗ ಅದು. ಆ ಜಡೆಯ ಕುಣಿಕೆಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಜಾರಿಸಿ, ಕ್ರೋಶ ಕಡ್ಡಿಯಲ್ಲಿ ತಿರುಗಿಸಿ ಮತ್ತೆ ಮೇಲೆತ್ತುವವರೂ ಇದ್ದಾರೆ, ನಾನೂ ಹಾಗೇ ಮಾಡುತ್ತೇನೆ ಎಂದೆ.

"ತ್ಯಾಪೆ ಹಾಕ್ದಂಗ್ ಇರ್ತದೆ. ಪೂರ್ತಿ ಬಿಚ್ಚು," ಎಂದಳು.

ಅಮ್ಮನ ಮಾತು ನನ್ನ ಮಾತೂ ಆಗಿತ್ತು. ನನಗೂ ಆ ಅಡ್ಡದಾರಿ ಇಷ್ಟವಿಲ್ಲ, ಹಾಗೆ ಎತ್ತಿದ ಕುಣಿಕೆಗಳು ಸಡಿಲವಾಗಿ ಎದ್ದು ಕಾಣುತ್ತವೆ. ನನ್ನ ಮಗನ ಸ್ವೆಟರಾಗಿದ್ದರೆ ಯಾರೂ ಹೇಳುವ ಮೊದಲೇ ನಾನೇ ಬಿಚ್ಚುತ್ತಿದ್ದೆ. ಹಾಗಾಗಿ ಅಲ್ಲೇ ಕೂತು ಬಿಚ್ಚಿದೆ. ಹೆಣೆಯಲು ಹಿಡಿದ ಹೊತ್ತಿನ ಮುಂದೆ ಬಿಚ್ಚುವ ಹೊತ್ತು ಏನೇನೂ ಅಲ್ಲ. ದಾರದ ತುದಿ ಹಿಡಿದು ಎಳೆದರೆ ಸರ್ರನೆ ಸಾಲು ಸಾಲೇ ಹೋಗುತ್ತದೆ. ನಾನು ಎಳೆಯುತ್ತಾ ಹೋದೆ, ಅತ್ತಿಗೆ ನೆಲದ ಮೇಲೆ ಕೂತು ಉಂಡೆ ಸುತ್ತಿದರು. ಅವರು ಸುತ್ತುವುದು ಬಿಗಿಯಾಗುತ್ತಿತ್ತು. ದಾರವನ್ನು ಹಾಗೆ ಎಳೆದು ಸುತ್ತಿದರೆ ಅದರ ಮೆತ್ತನೆಯ ಗುಣ ಹೋಗುತ್ತದೆ.

"ಅತ್ತಿಗೆ, ಇಷ್ಟ್ ಬಿಗಿ ಸುತ್ಬೇಡಿ, ಉಲ್ಲನ್ ಸತ್ತೋಗುತ್ತೆ," ಎಂದೆ.

ಅವರು ಉಂಡೆಯನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದರು. ಒಲೆಯ ಮೇಲೆ ಹಾಲಿಟ್ಟಿರಬೇಕು ಎಂದುಕೊಂಡು ಮಿಕ್ಕಿದ್ದನ್ನು ನಾನೇ ಸುತ್ತಿಕೊಂಡೆ.

ಬಿಚ್ಚಿದ ದಾರ ಗುಂಗುರು ಗುಂಗುರಾಗಿರುತ್ತದೆ. ಅದನ್ನು ಹಾಗೇ ಮತ್ತೆ ಹೆಣೆಯುವವರನ್ನು ಕಂಡರೆ ನನಗಾಗುವುದಿಲ್ಲ. ಲಡಿ ಮಾಡಿ, ನೀರಿನಲ್ಲಿ ನೆನೆಸಿ, ತುದಿಗೆ ಏನಾದರೂ ಸ್ವಲ್ಪ ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಬೇಕು. ಆಗ ಅದು ನೆಟ್ಟಗಾಗುತ್ತದೆ. ಚಳಿಗಾಲದಲ್ಲಿ ಬೇಗ ಒಣಗುವುದೂ ಇಲ್ಲ. ತಾರಸಿಯ ಮೆಟ್ಟಿಲ ಹತ್ತಿರ ಹಗ್ಗ ಕಟ್ಟುತ್ತಿದ್ದಾಗ ಅಣ್ಣ ಅಂಗಡಿಯಿಂದ ಮೇಲೆ ಬಂದ. ಭಾರಕ್ಕೆ ಏನು ಕಟ್ಟಲಿ ಎಂದು ಕೇಳಿದೆ. ಕೆಳಗೆ ಹೋಗಿ ತಕ್ಕಡಿಯ ಸಣ್ಣ ತೂಕದ ಬಟ್ಟುಗಳನ್ನು ತಂದುಕೊಟ್ಟ. ಅವನೇ ಒಂದೊಂದಾಗಿ ಲಡಿಗೆ ಕಟ್ಟಿದ. ಗಂಟು ಹಾಕುವಾಗ ನನ್ನ ಕಡೆ ತಿರುಗಲೇ ಇಲ್ಲ. ವ್ಯಾಪಾರದ ಹೊತ್ತಿನಲ್ಲಿ ಕರೆದೆನಲ್ಲ, ಸಿಟ್ಟಾಗಿರಬೇಕು ಎಂದುಕೊಂಡೆ.

ದಾರ ಒಣಗಿತು. ನಾನು ಮತ್ತೆ ಸೊಂಟದ ಪಟ್ಟಿಯಿಂದ ಶುರುಮಾಡಿದೆ. ಈ ಸಲ ತಪ್ಪಾಗಬಾರದು ಎಂದು ಪ್ರತಿ ಸಾಲಿಗೂ ಎರಡೆರಡು ಸಲ ಎಣಿಸಿದೆ. ಅಮ್ಮ ಹೆಚ್ಚು ಮಲಗಿಯೇ ಇರುತ್ತಿದ್ದಳು. ನಡುನಡುವೆ, "ಎಲ್ಲಿಗ್ ಬಂತು?" ಎನ್ನುತ್ತಿದ್ದಳು. ಕಂಕುಳ ಹತ್ತಿರ ಬಂತು ಎನ್ನುತ್ತಿದ್ದೆ. "ಹೂಂ, ನಿಧಾನ್ವಾಗ್ ಹಾಕು," ಎನ್ನುತ್ತಿದ್ದಳು. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರ ಕೈಯಿಂದ ಎರಡು ಕಾಳು ಎಳ್ಳು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಳು. ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಬೆನ್ನಿನ ಭಾಗ ಎರಡನೇ ಸಲ ಮುಗಿದಿತ್ತು, ಎಡಗಡೆಯ ಮುಂಭಾಗ ಅರ್ಧ ಕಡ್ಡಿಯ ಮೇಲಿತ್ತು. ವಿಭೂತಿ ಹಚ್ಚಿ ಕೂರಿಸಿದ್ದ ಅವಳ ಮೈಮೇಲೆ ಹೊಸ ಸೀರೆ ಹೊದಿಸಿದರು. ತೋಳಿಲ್ಲದ, ಮುಂಭಾಗವಿಲ್ಲದ ಸ್ವೆಟರನ್ನು ಹೇಗೆ ಹೊದಿಸಲಿ ಎಂದು ಚೀಲದಲ್ಲೇ ಬಿಟ್ಟೆ.

ಹನ್ನೊಂದನೇ ದಿನ ಗಣಾರಾಧನೆಗೆ ಜಂಗಮರ ಊಟ ನಡೆಯುತ್ತಿತ್ತು. ನಂಜನಗೂಡಿನಿಂದ ಬಂದಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ನನ್ನ ಪಕ್ಕ ಕೂತು ಬೆನ್ನು ಸವರುತ್ತಾ ಹೇಳಿದರು, "ಗಟ್ಟಿಗಿತ್ತಿ ಕಣಮ್ಮ ನಿಮ್ಮವ್ವ. ದೀಪಾವಳಿ ದಾಟೋದೇ ಹೆಚ್ಚು ಅಂದಿದ್ರಂತೆ ಡಾಕ್ಟ್ರು. ಸಂಕ್ರಾಂತಿ ಎಳ್ಳು ತಿಂದ್ಬುಟ್ಟೇ ಹೋದ್ಲು ನೋಡು."

ಯಾವ ಡಾಕ್ಟರು ಎಂದು ಕೇಳಿದೆ. ಚಿಕ್ಕಮ್ಮನ ಕೈ ನನ್ನ ಬೆನ್ನಿನ ಮೇಲೆ ಹಾಗೇ ನಿಂತುಹೋಯಿತು. ಹೊಟ್ಟೆಯಲ್ಲಿ ಗೆಡ್ಡೆ ಇತ್ತಂತೆ, ಲಿವರಿಗೂ ಹರಡಿತ್ತಂತೆ, ಏನೂ ಮಾಡುವ ಹಾಗಿರಲಿಲ್ಲವಂತೆ. ದಸರಾ ಹೊತ್ತಿಗೇ ಗೊತ್ತಾಗಿತ್ತಂತೆ. ಅಂತೆ ಅಂತೆ ಎಂದು ನನ್ನ ಅಮ್ಮನ ಸಾವನ್ನು ನಾನು ನಂಜನಗೂಡಿನವರ ಬಾಯಿಂದ ಕೇಳಬೇಕಾಯಿತು.

ಅಣ್ಣನನ್ನು ಹಿತ್ತಲಿಗೆ ಕರೆದೆ. ಅಡುಗೆಯವರ ಪಾತ್ರೆಗಳ ನಡುವೆ ನಿಂತು ಕೇಳಿದೆ. ಅವನು ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡ.

"ನಿಂಗ್ ಹೇಳಿದ್ರೆ ನೀನು ಅಮ್ಮನ್ ಮುಂದೆ ಅತ್ಬುಡ್ತಿದ್ದೆ ಕಣೇ. ನಿನ್ ಕೈಲಿ ತಡ್ಕೊಳಕ್ ಆಗಲ್ಲ."

"ಅಳ್ತಿದ್ದೆ. ಅದಕ್ಕೇನೀಗ? ಅಮ್ಮ ಸಾಯ್ತಿದ್ರೆ ಅಳ್ದೆ ನಗಾಡ್ಲಾ?"

"ಮೆತ್ತಗ್ ಮಾತಾಡು, ಅಯ್ನೋರು ಊಟಕ್ ಕೂತವ್ರೆ."

"ಬಿಚ್ಚಕ್ ಬಿಟ್ಯಲ್ಲೋ! ಸಾಯೋರ ಸ್ವೆಟರ್ನ ಬಿಚ್ಚಕ್ ಬಿಟ್ಯಲ್ಲೋ! ತೂಕದ್ ಬಟ್ಟು ಬೇರೆ ತಂದ್ಕೊಟ್ಟೆ!"

ಅವನಿಗೆ ಮೊದಲು ನಾನು ಏನು ಹೇಳುತ್ತಿದ್ದೇನೆ ಎಂದೇ ಅರ್ಥವಾಗಲಿಲ್ಲ. ಅರ್ಥವಾದಾಗ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ನಾನು ಊಟ ಮಾಡದೆ ಹಿನಕಲ್‌ಗೆ ಬಂದೆ. ಸ್ವೆಟರಿನ ಚೀಲವನ್ನು ಅಲ್ಲೇ ಬಿಟ್ಟು ಬಂದಿದ್ದೆ. ತರಲು ಮತ್ತೆ ಹೋಗಲಿಲ್ಲ.

ಆ ವರ್ಷವೆಲ್ಲ ನಾನು ಅವರಿಬ್ಬರ ಮೇಲೂ ಕುದಿಯುತ್ತಲೇ ಇದ್ದೆ. ಅಣ್ಣ ಫೋನು ಮಾಡಿದರೆ ನಮ್ಮ ಮನೆಯವರ ಕೈಗೆ ಕೊಡುತ್ತಿದ್ದೆ. ಆದರೆ ಅಷ್ಟು ಸಿಟ್ಟಿನ ನಡುವೆಯೂ ನನಗೆ ಒಂದು ಸಮಾಧಾನ ಇತ್ತು, ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ರೋಗ ಇರುವವರಿಗೇ ರೋಗದ ಹೆಸರು ಹೇಳದೆ ಇರುವುದು ನಮ್ಮ ಕಡೆ ಹೊಸದಲ್ಲ. ಅಮ್ಮನಿಗೂ ರಕ್ತ ಕಮ್ಮಿ ಎಂದೇ ಹೇಳಿರುತ್ತಾರೆ, ಪಾಪ, ಅವಳೂ ನಂಬಿಕೊಂಡೇ ಹೋದಳು ಎಂದು ನಾನು ತಿಳಿದಿದ್ದೆ. ಮೋಸ ಹೋದವರು ನಾವಿಬ್ಬರು, ನಾನು ಮತ್ತು ಅಮ್ಮ. ಏನೂ ಗೊತ್ತಿಲ್ಲದ ಇಬ್ಬರೂ ಆ ಕೋಣೆಯಲ್ಲಿ ಎದುರುಬದುರು ಕೂತು, ಇನ್ನೂ ಬೇಕಾದಷ್ಟು ಚಳಿಗಾಲಗಳು ಇವೆ ಎಂಬ ಧೈರ್ಯದಲ್ಲಿ, ಒಂದು ಜಡೆ ಸರಿಯಿಲ್ಲವೆಂದು ಇಡೀ ಬೆನ್ನನ್ನೇ ಬಿಚ್ಚಿದೆವು. ನೆನೆಸಿಕೊಂಡರೆ ಸಂಕಟವಾಗುತ್ತಿತ್ತು, ಆದರೆ ಅಮ್ಮ ನನ್ನ ಪಕ್ಷದಲ್ಲಿದ್ದಳು.

ಮುಂದಿನ ವರ್ಷದ ಅವರೆಕಾಯಿ ಕಾಲದಲ್ಲಿ ಅತ್ತಿಗೆ ಒಬ್ಬರೇ ಆಟೋ ಮಾಡಿಕೊಂಡು ನಮ್ಮ ಮನೆಗೆ ಬಂದರು. ನೆನೆಹಾಕಿದ ಅವರೆಕಾಳನ್ನು ಹಿಸುಕುತ್ತಾ ಕೂತಿದ್ದೆ. ಬನ್ನಿ ಎಂದೆ, ಕೂತ್ಕೊಳ್ಳಿ ಎನ್ನಲಿಲ್ಲ. ಅವರೇ ಚಾಪೆ ಎಳೆದುಕೊಂಡು ಕೂತು, ಪಾತ್ರೆಗೆ ಕೈ ಹಾಕಿ ನನ್ನ ಜೊತೆ ಕಾಳು ಹಿಸುಕತೊಡಗಿದರು. ಅಣ್ಣನಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ವರ್ಷದ ಕಾರ್ಯಕ್ಕಾದರೂ ಬಾ ಎಂದರು. ನಾನು ಇಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ಅಂದೆ. ನನಗೆ ಮಾಡಿದ್ದು ಹಾಳಾಗಲಿ, ಆ ಮುದುಕಿಗೆ ಸುಳ್ಳು ಹೇಳಲು ನಿಮಗೆ ಹೇಗೆ ಮನಸ್ಸು ಬಂತು, ತನ್ನ ಸಾವು ತನಗೇ ಗೊತ್ತಿಲ್ಲದ ಹಾಗೆ ಕಳಿಸಿಕೊಟ್ಟಿರಲ್ಲ ಎಂದೆ.

ಅತ್ತಿಗೆಯ ಕೈ ನಿಂತಿತು.

"ಅತ್ತೇರ್ಗೆ ಯಾರೂ ಸುಳ್ಳು ಹೇಳಿಲ್ಲ ಕಣಮ್ಮ. ಡಾಕ್ಟ್ರು ಹೇಳ್ದಾಗ ಅಲ್ಲೇ ಕುರ್ಚೀಲಿ ಕೂತಿದ್ರು. ನಿಮ್ಮಣ್ಣ ಅತ್ಬುಟ್ರು, ಅವ್ರು ಅಳ್ಲಿಲ್ಲ. ವಾಪಸ್ ಬರ್ತಾ ಆಟೋದಲ್ಲೇ ನಮ್ಮಿಬ್ರ ಕೈಲೂ ಲಿಂಗ ಮುಟ್ಟಿಸಿ ಆಣೆ ಇಡಿಸ್ಕಂಡ್ರು, ನಿಂಗ್ ಹೇಳ್ಕೂಡ್ದು ಅಂತ. ನಂಜನಗೂಡಿನ್ ತಂಗಿಗ್ ಬೇಕಾರೆ ಅವ್ರೇ ಫೋನ್ ಮಾಡಿ ಹೇಳುದ್ರು. ನಿಂಗೊಬ್ಳಿಗೆ ಬ್ಯಾಡ ಅಂದ್ರು."

ಕೈಯಲ್ಲಿದ್ದ ಕಾಳನ್ನು ಹಿಸುಕಿ ಪಾತ್ರೆಗೆ ಹಾಕಿ ಕೇಳಿದೆ, "ಗೊತ್ತಿದ್ದೂ ಬಿಚ್ಚು ಅಂದ್ಳಾ?"

ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಇದನ್ನು ಹೇಳಲು ಬಂದಿರಲಿಲ್ಲ ಎಂದು ಮುಖದಲ್ಲೇ ತಿಳಿಯುತ್ತಿತ್ತು.

"ಆ ತಪ್ಪನ್ನ ನೀನು ಹಾಕಿದ್ ದಿನಾನೇ ನೋಡಿದ್ರು. ನೀನು ಬಸ್ಸಿಗ್ ಹೋದ್ಮೇಲೆ ನನ್ನ ಕರ್ದು ತೋರಿಸಿ ನಕ್ರು. ಹೇಳೋದಲ್ವಾ ಅತ್ತೆ ಅಂದೆ. ಈಗ್ಲೇ ಹೇಳುದ್ರೆ ನಾಕ್ ಸಾಲು ಬಿಚ್ತಾಳೆ, ಪೂರ್ತಿ ಆಗ್ಲಿ, ಆಮೇಲ್ ಹೇಳ್ತೀನಿ ಅಂದ್ರು. ಅವಳ ಕೈಗೆ ಕೆಲ್ಸ ಇರ್ಬೇಕು ಕಣೇ, ಕೈ ಖಾಲಿ ಆದ್ರೆ ನನ್ನ ಮುಖ ನೋಡ್ತಾಳೆ, ನೋಡುದ್ರೆ ಗೊತ್ತಾಗೋಯ್ತದೆ ಅಂದ್ರು."

ಆವತ್ತಿನಿಂದ ನನ್ನ ಸಿಟ್ಟು ಅಣ್ಣನ ಮೇಲಿಂದ ಇಳಿಯಿತು. ಇಳಿದು ಹೋಗಬಾರದ ಕಡೆ ಹೋಯಿತು. ತೀರಿಹೋದ ತಾಯಿಯ ಮೇಲೆ ಸಿಟ್ಟಾಗುವವಳು ಎಂಥ ಮಗಳು ಎಂದು ಯಾರಾದರೂ ಕೇಳಬಹುದು. ನನ್ನಂಥವಳು ಎನ್ನುತ್ತೇನೆ. ಅಣ್ಣ ಸುಳ್ಳು ಹೇಳಿದ್ದು ಬಾಯಲ್ಲಿ. ಅಮ್ಮ ಸುಳ್ಳು ಹೇಳಿದ್ದು ಹೆಣಿಗೆಯಲ್ಲಿ, ಅವಳೇ ನನಗೆ ಕಲಿಸಿದ ಹೆಣಿಗೆಯಲ್ಲಿ. ಗುರುತಿಲ್ಲದ ಹೆಂಗಸಿಗೆ ಪಂಕ್ತಿಯಿಂದ ಕೂಗಿ ಹೇಳಿದವಳು, ಹೊಟ್ಟೆಯಲ್ಲಿ ಹುಟ್ಟಿದವಳು ತಪ್ಪಿನ ಮೇಲೆ ಸಾಲು ಕಟ್ಟುತ್ತಾ ಹೋಗುವುದನ್ನು ವಾರಗಟ್ಟಲೆ ನೋಡುತ್ತಾ ಕೂತಳು. ಅಳುವ ಮಕ್ಕಳ ಮುಂದೆ ನಾಲ್ಕು ಅವರೆಕಾಯಿ ಹಾಕಿ ಸುಲಿ ಎಂದು ಕೂರಿಸುವ ಹಾಗೆ ನನ್ನನ್ನು ಕೂರಿಸಿದಳು. ನನಗಿರುವುದು ಮೊಮ್ಮಗ ಬರುವ ವಯಸ್ಸು. ಅವಳು ಒಂದು ಮಾತು ಹೇಳಿದ್ದರೆ ನಾನು ಮೊದಲು ಕಿರುಚಾಡುತ್ತಿದ್ದೆ, ಹೌದು. ಆಮೇಲೆ ಆ ಕಡ್ಡಿಗಳನ್ನು ಮಂಚದ ಕೆಳಗೆ ಎಸೆದು ಅವಳ ಪಕ್ಕದಲ್ಲಿ ಮಲಗಿಬಿಡುತ್ತಿದ್ದೆ. ಪ್ಲೇನ್ ಆಗಿ, ದಪ್ಪ ಕಡ್ಡಿಯಲ್ಲಿ, ಹೇಗೋ ಒಂದು ಸ್ವೆಟರನ್ನು ಹಾಕಿ ಮುಗಿಸಿ ಹೊದಿಸುತ್ತಿದ್ದೆ. ಅವಳಿಗೆ ಬೇಕಾಗಿದ್ದಿದ್ದು ಸ್ವೆಟರಲ್ಲ ಎಂದು ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ನನಗೆ ಬೇಕಾಗಿದ್ದಿದ್ದನ್ನು ಯಾರೂ ಕೇಳುವುದಿಲ್ಲ.

ಅವತ್ತು ಅತ್ತಿಗೆ ಹೊರಡಲು ಎದ್ದು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ನನಗೆ 'ನನ್ನ ಮುಖ ನೋಡ್ತಾಳೆ' ಎಂದ ಅಮ್ಮನ ಮಾತು ನೆನಪಾಯಿತು. ಅಮ್ಮನ ಮುಖವನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಬಂದಿದ್ದೆಲ್ಲ ಹಳೆಯ ಮುಖ, ಗುಂಡಗಿನ ಮುಖ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗುವಾಗಿನ ಮುಖ. ಅಪ್ಪ ಹೋದಾಗ ಊರವರೆಲ್ಲ ಹೇಳಿದರೂ ಅವಳು ಮೂಗುಬೊಟ್ಟು ತೆಗೆದಿರಲಿಲ್ಲ. ಕೊನೆಯ ದಿನಗಳಲ್ಲಿ ಅದು ಇತ್ತೋ ಇಲ್ಲವೋ ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯಲಿಲ್ಲ. ಅತ್ತಿಗೆಯನ್ನೇ ಕೇಳಿದೆ.

"ಅಯ್ಯೋ, ಕಾರ್ತಿಕದಲ್ಲೇ ಬಿಚ್ಚಿ ನನ್ ಕೈಗ್ ಕೊಟ್ಬುಟ್ಟಿದ್ರಲ್ಲಮ್ಮ, ಉಸುರ್ಗೆ ಭಾರ ಆಯ್ತದೆ ಅಂತ. ಆಮೇಲೆಲ್ಲ ಬರೀ ಮೂಗಲ್ಲೇ ಇದ್ರು. ಎದುರ್ಗೇ ಕೂತಿರ್ತಿದ್ಯಲ್ಲ, ನೀನ್ ನೋಡ್ಲಿಲ್ವಾ?"

ನೋಡಲಿಲ್ಲ ಎಂದೆ.